ಎಡಗಡೆಯ ದಪ್ಪ ಸ್ವರ

ನಾನೊಂದು ಆರ್ಗನ್. ಕಾಲಿನಿಂದ ತುಳಿದು ಕೈಯಿಂದ ಬಾರಿಸುವ, ಮರದ ಮೈಯ ಹಳೆಯ ಆರ್ಗನ್. ಮೊದಲೇ ಹೇಳಿಬಿಡುತ್ತೇನೆ, ನಾನು ಮಹಾ ಪುಕ್ಕಲು. ನನ್ನ ಹೊಟ್ಟೆಯಲ್ಲಿ ಇರುವುದು ಬರೀ ಗಾಳಿ, ಬರೀ ಗಾಳಿ ತುಂಬಿದ ಹೊಟ್ಟೆಗೆ ಧೈರ್ಯ ಎಲ್ಲಿಂದ ಬರಬೇಕು? ಚರ್ಚಿನಲ್ಲಿ ನನ್ನ ದನಿ ಎದ್ದ ಕೂಡಲೇ ದೊಡ್ಡ ದೊಡ್ಡವರು ಎದ್ದು ನಿಲ್ಲುತ್ತಿದ್ದರು. ಮದುವಣಗಿತ್ತಿಯರು ನನ್ನ ತಾಳಕ್ಕೆ ಹೆಜ್ಜೆ ಹಾಕುತ್ತಿದ್ದರು. ಇಷ್ಟು ಗಂಭೀರವಾಗಿ ಮೊಳಗುವ ಸಾಮಾನು ಒಳಗೊಳಗೇ ನಡುಗುತ್ತಿದೆ ಎಂದು ಅವರಲ್ಲಿ ಯಾರಿಗೂ ಅನ್ನಿಸಿರಲಿಕ್ಕಿಲ್ಲ.

ಇನ್ನೊಂದು ಮಾತು. ನಾನು ಮನುಷ್ಯರನ್ನು ಕೆಳಗಿನಿಂದ ನೋಡಿದವನು. ನನ್ನ ಉಸಿರು ಇರುವುದು ಬಾರಿಸುವವರು ಪಾದದಿಂದ ತುಳಿಯುವ ಕಾಲ್ಮಣೆಗಳಲ್ಲಿ. ಹಾಗಾಗಿ ಯಾರ ಮುಖ ಹೇಗಿತ್ತು ಎಂದು ಕೇಳಿದರೆ ತಡವರಿಸುತ್ತೇನೆ, ಯಾರ ಪಾದ ಹೇಗಿತ್ತು ಎಂದು ಕೇಳಿದರೆ ಬೇಕಾದಷ್ಟು ಹೇಳುತ್ತೇನೆ.

ನಾನು ಹುಟ್ಟಿದ್ದು ಸಮುದ್ರದಾಚೆ, ಜರ್ಮನಿಯ ಒಂದು ಚಳಿಯೂರಿನ ಕಾರ್ಖಾನೆಯಲ್ಲಿ. ಅಕ್ರೋಟು ಮರದ ಮೈ, ಗಾಳಿಯೂದಲು ಕುರಿಯ ಚರ್ಮದ ತಿದಿ, ಒಂದೊಂದು ಸ್ವರಕ್ಕೆ ಒಂದೊಂದು ಹಿತ್ತಾಳೆಯ ನಾಲಿಗೆ. ಎಲ್ಲ ಜೋಡಿಸಿದ ಮೇಲೆ ಒಬ್ಬ ಮುದುಕ ಬಂದು ನನ್ನ ಮುಂದೆ ಕುಳಿತ. ಬಲದಿಂದ ಎಡಕ್ಕೆ ಒಂದೊಂದೇ ಬಿಳಿಪಟ್ಟಿ ಒತ್ತುತ್ತ ಬಂದವನು ಎಡಗಡೆಯ ಒಂದು ದಪ್ಪ ಸ್ವರದ ಮೇಲೆ ನಿಂತ. ಒತ್ತಿದ, ಬಿಟ್ಟ, ಮತ್ತೆ ಒತ್ತಿದ. ಬೆರಳು ತೆಗೆದ ಮೇಲೂ ಆ ಪಟ್ಟಿ ಮೇಲೇಳಲು ಕೊಂಚ ಸೋಮಾರಿತನ ಮಾಡುತ್ತಿತ್ತು. ಮುದುಕ ಏನೋ ಗೊಣಗಿ, ಪಟ್ಟಿಯ ಪಕ್ಕವನ್ನು ಉಜ್ಜಿ ಸರಿ ಮಾಡಿದ. ನನ್ನಲ್ಲಿ ಏನೋ ಐಬಿದೆ ಎಂಬ ಹೆದರಿಕೆ ಅವತ್ತೇ ಹುಟ್ಟಿಕೊಂಡಿತು.

ಆಮೇಲೆ ನನ್ನನ್ನು ತಗಡಿನ ಒಳಮೈ ಇದ್ದ ಪೆಟ್ಟಿಗೆಯಲ್ಲಿಟ್ಟು ಮೊಳೆ ಹೊಡೆದರು. ಆ ಕತ್ತಲೆಯನ್ನು ಇವತ್ತಿಗೂ ಮರೆತಿಲ್ಲ. ಹಡಗು ಹೊಯ್ದಾಡಿದಾಗಲೆಲ್ಲ ನನ್ನ ನಾಲಿಗೆಗಳು ತಾವಾಗಿಯೇ ಕಟಕಟ ಅನ್ನುತ್ತಿದ್ದವು. ಹಡಗಿನಿಂದ ರೈಲಿಗೆ, ರೈಲಿನಿಂದ ಚಕ್ಕಡಿಗೆ ಏರಿಳಿದು ಕೊನೆಗೆ ಪೆಟ್ಟಿಗೆ ಒಡೆದಾಗ ಕಂಡದ್ದು ಕಣ್ಣು ಕುಕ್ಕುವ ಬಿಸಿಲು ಮತ್ತು ಕರಿಮಣ್ಣಿನ ನೆಲ. ಅದು ಗದಗಿನ ಮಗ್ಗುಲಿನ ಬೆಟಗೇರಿ. ನೇಕಾರರ ಊರು. ಬೀದಿಬೀದಿಯಲ್ಲೂ ಮಗ್ಗ, ಮಗ್ಗದ ಮುಂದೆ ಕುಣಿಯಲ್ಲಿ ಕಾಲಿಳಿಬಿಟ್ಟು ತುಳಿಯುವ ಜನ. ಕಾಲಿನಿಂದ ದುಡಿಯುವವರ ಊರಿಗೆ ನನ್ನನ್ನು ತಂದಿದ್ದಾರೆ ಎಂದು ತಿಳಿದು ತುಸು ಸಮಾಧಾನವಾಯಿತು.

ಮೊದಲು ನನ್ನನ್ನು ಬಾರಿಸಿದವಳು ಜರ್ಮನ್ ಪಾದ್ರಿಗಳ ಮಿಷನ್ ಬಂಗಲೆಯ ದೊರೆಸಾನಿ. ಅವಳದು ಲಾಡಿ ಬಿಗಿದ ಕಪ್ಪು ಬೂಟು, ಅಳೆದು ತೂಗಿದ ತುಳಿತ. ಕೆಲವು ವರ್ಷ ಎಲ್ಲ ಸುಖವಾಗಿತ್ತು. ಆಮೇಲೆ ಅವರ ದೇಶಕ್ಕೂ ಇಂಗ್ಲಿಷರ ದೇಶಕ್ಕೂ ಯುದ್ಧ ಹತ್ತಿತಂತೆ. ಒಂದು ಬೆಳಗ್ಗೆ ಹಾಡಿನ ನಡುವೆಯೇ ಹೊರಗೆ ಭಾರದ ಬೂಟುಗಳ ಸದ್ದಾಯಿತು. ದೊರೆಸಾನಿಯ ಪಾದ ನನ್ನ ಕಾಲ್ಮಣೆಯ ಮೇಲೆ ಹಾಗೇ ನಿಂತಿತು. ಅರ್ಧ ಸ್ವರ ನನ್ನ ಗಂಟಲಲ್ಲೇ ಸತ್ತುಹೋಯಿತು. ಅವಳನ್ನು ಎಲ್ಲಿಗೆ ಕರೆದೊಯ್ದರೋ, ಆ ಬೂಟು ಮತ್ತೆ ಬರಲಿಲ್ಲ.

ಅಲ್ಲಿಂದ ಬಹಳ ಕಾಲ ನನ್ನ ಪಾಡು ನಾಯಿಪಾಡು. ಯಾರೋ ಬಂದು ಬಾರಿಸಿದರೆ ಬಾರಿಸಿದರು, ಇಲ್ಲದಿದ್ದರೆ ಇಲ್ಲ. ಇಲಿಗಳಿಗೆ ನನ್ನ ತಿದಿಯ ಚರ್ಮ ರುಚಿಸಿತು. ಅವು ಒಳಗೆ ಓಡಾಡುವಾಗ ನಾನು ಕೂಗಲೂ ಆರೆ. ನಾನು ಕೂಗಬೇಕಾದರೆ ಯಾರಾದರೂ ಬಂದು ಕಾಲು ತುಳಿಯಬೇಕಲ್ಲ.

ನನ್ನನ್ನು ಬದುಕಿಸಿದವನು ಯೋನಪ್ಪ. ಚರ್ಚಿನ ಗಂಟೆ ಹೊಡೆದು, ಕಸ ಗುಡಿಸಿ, ದೀಪ ಒರೆಸುವ ಕೆಲಸ ಅವನದು. ಅವನೇ ಇಲಿಗೂಡು ಬಳಿದು ತೆಗೆದ, ತಿದಿಗೆ ಹೊಸ ಚರ್ಮ ಅಂಟಿಸಿದ, ನನ್ನೊಳಗೆ ಬೇವಿನ ಸೊಪ್ಪು ಇಟ್ಟ. ಅವನಿಗೆ ಸುವಾರ್ತಾ ಎಂಬ ಮಗಳಿದ್ದಳು. ಅಪ್ಪ ಕಸ ಗುಡಿಸುವಾಗ ಆ ಹುಡುಗಿ ನನ್ನ ಮುಂದಿನ ಸ್ಟೂಲು ಹತ್ತಿ ಕೂಡುವಳು. ಬೆರಳು ಪಟ್ಟಿಗೆ ಮುಟ್ಟುತ್ತಿತ್ತು, ಕಾಲು ಮಾತ್ರ ಗಾಳಿಯಲ್ಲಿ ತೂಗಾಡುತ್ತಿತ್ತು. ಒಂದು ದಿನ ಯೋನಪ್ಪ ಕಸಬರಿಗೆ ಬದಿಗಿಟ್ಟು ನನ್ನ ಮುಂದೆ ಮೊಣಕಾಲೂರಿದ. ಎರಡೂ ಅಂಗೈಯಿಂದ ನನ್ನ ಕಾಲ್ಮಣೆಗಳನ್ನು ಒತ್ತತೊಡಗಿದ.

"ಹೂಂ, ಈಗ ಒತ್ತು" ಅಂದ.

ಮಗಳು ಒತ್ತಿದಳು. ಎಷ್ಟೋ ದಿನದ ಮೇಲೆ ನನಗೆ ಉಸಿರು ಬಂತು. ಯೋನಪ್ಪ ಹಾಗೇ ಬಾಗಿ ನನ್ನ ಪಕ್ಕೆಗೆ ಕೆನ್ನೆ ಹಚ್ಚಿದ.

"ಇಲ್ಲಿ ಕೈ ಇಟ್ಟು ನೋಡಬೇ. ಒಳಗ ಗುಂಯ್ ಅಂತೈತಿ" ಅಂದ. ಹುಡುಗಿ ಒಂದು ಕೈ ಪಟ್ಟಿಯ ಮೇಲಿಟ್ಟು, ಇನ್ನೊಂದು ಕೈಯನ್ನು ನನ್ನ ಮರಕ್ಕೆ ಒತ್ತಿ ನಕ್ಕಳು. ಕಾಲು ನೆಲಕ್ಕೆ ಮುಟ್ಟುವಷ್ಟು ಅವಳು ಬೆಳೆಯುವ ತನಕ ಅಪ್ಪ ದಿನಾ ಮೊಣಕಾಲೂರಿದ. ನನ್ನ ಬಾಳಿನಲ್ಲಿ ಹೆದರಿಕೆ ಇಲ್ಲದೆ ಕಳೆದ ದಿನಗಳು ಅವೇ.

ಯೋನಪ್ಪ ತೀರಿಕೊಂಡ ವರ್ಷ ಸುವಾರ್ತಾ ಚರ್ಚಿನ ಆರ್ಗನ್ ಬಾರಿಸುವವಳಾದಳು. ಅಪ್ಪನನ್ನು ಮಣ್ಣು ಮಾಡಿದ ದಿನ ಅವಳೇ ಬಾರಿಸಿದಳು. ಚಪ್ಪಲಿ ಬಿಟ್ಟ ಬರಿಗಾಲು, ಎಡಗಾಲು ಬಲಗಾಲಿಗಿಂತ ಒಂದಿಷ್ಟು ಮುಂದೆ, ಅವಸರವಿಲ್ಲದ ತುಳಿತ. ಮಿಷನ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದುದರಿಂದ ಊರೆಲ್ಲ ಅವಳನ್ನು ಬಾಯಾರು ಎಂದು ಕರೆಯಿತು. ನಮ್ಮ ಕಡೆ ಹೆಣ್ಣು ಮಾಸ್ತರಿಗೆ ಹಾಗೇ ಅನ್ನುತ್ತಾರೆ. ಬಾಯಾರು ಮದುವೆಯಾಗಲಿಲ್ಲ. ಗಂಡ ಯಾಕೆ ಬೇಕಿಲ್ಲ ಎಂದು ಕೇಳಿದವರಿಗೆ, ಮನೆಯಲ್ಲಿ ಆರ್ಗನ್ ಇಡಲು ಬಿಡುವ ಗಂಡು ಸಿಕ್ಕರೆ ನೋಡೋಣ ಅಂದು ಬಾಯಿ ಮುಚ್ಚಿಸುತ್ತಿದ್ದರು.

ಶನಿವಾರ ಸಂಜೆ ಚರ್ಚಿನ ಪಡಸಾಲೆಯಲ್ಲಿ ಬಾಯಾರ ಸಂಗೀತದ ಪಾಠ. ಯಾರು ಬಂದರೂ ಬರಲಿ, ಯಾವ ಜಾತಿ ಯಾವ ದೇವರು ಎಂದು ಕೇಳುತ್ತಿರಲಿಲ್ಲ. ನನ್ನ ಕೆಳಗೆ ಸಣ್ಣ ಗಾಲಿಗಳಿದ್ದವು. ನಾಲ್ಕು ಜನ ಸೇರಿ ನನ್ನನ್ನು ಹೊಸ್ತಿಲು ದಾಟಿಸುವಾಗ ಪ್ರತಿ ವಾರ ನನ್ನ ಜೀವ ಬಾಯಿಗೆ ಬರುತ್ತಿತ್ತು. ಇವತ್ತು ಖಂಡಿತ ಬೀಳಿಸುತ್ತಾರೆ ಎಂದುಕೊಳ್ಳುತ್ತಿದ್ದೆ. ಅವರು ಒಮ್ಮೆಯೂ ಬೀಳಿಸಲಿಲ್ಲ, ನಾನು ಒಮ್ಮೆಯೂ ನಂಬಲಿಲ್ಲ.

ಹೊಸಬರು ಬಂದರೆ ಬಾಯಾರು ಮೊದಲ ದಿನ ಹಾಡಿಸುತ್ತಿರಲಿಲ್ಲ. ಅವರ ಅಂಗೈಯನ್ನು ನನ್ನ ಪಕ್ಕೆಗೆ ಒತ್ತಿಸಿ ಬಾರಿಸುತ್ತಿದ್ದರು.

"ಮೊದಲ ಮುಟ್ಟಿ ನೋಡ್ರಿ. ಕಿವಿ ಆಮ್ಯಾಲ" ಅನ್ನುತ್ತಿದ್ದರು.

ಅಷ್ಟರಲ್ಲಿ ಊರಿಗೆ ವಿದ್ಯುತ್ ಮಗ್ಗ ಬಂದಿತ್ತು. ಕುಣಿಯಲ್ಲಿ ಕಾಲಾಡಿಸುವ ಮಗ್ಗಗಳು ಕಡಿಮೆಯಾಗಿ, ತಗಡಿನ ಶೆಡ್ಡುಗಳಲ್ಲಿ ಸಾಲಾಗಿ ಯಂತ್ರಗಳು ಕಟಕಟ ಅನ್ನತೊಡಗಿದವು. ಆ ಶೆಡ್ಡಿನ ಹೆಂಗಸರೇ ಬಾಯಾರ ಪಾಠಕ್ಕೆ ಹೆಚ್ಚಾಗಿ ಬಂದವರು. ಅವರ ಮುಂದಾಳು ಹುಲಿಗೆವ್ವ. ಒಡೆದ ಹಿಮ್ಮಡಿ, ಅಗಲ ಹೆಬ್ಬೆರಳು, ಚಿಕ್ಕಂದಿನಲ್ಲಿ ಕೈಮಗ್ಗ ತುಳಿದು ಗಟ್ಟಿಯಾದ ಪಾದ. ಯಾಕೆ ಕಲಿಯಬೇಕು ಎಂದು ಬಾಯಾರು ಕೇಳಿದಾಗ ಅವಳು ಹೇಳಿದ್ದು ನನಗೆ ನೆನಪಿದೆ.

"ದಿನಾ ಮಗ್ಗದ ಮಶೀನಿನ ಸಪ್ಪಳ ಕೇಳಿ ತಲಿ ಚಿಟ್ಟು ಹಿಡದೈತ್ರಿ ಬಾಯಾರ. ವಾರಕ್ಕೊಮ್ಮೆರ ಬ್ಯಾರೆ ಸಪ್ಪಳ ಬೇಕು."

ಹುಲಿಗೆವ್ವ ಸ್ಟೂಲಿನ ಮೇಲೆ ಕುಳಿತ ಮೊದಲ ದಿನವೇ ನನ್ನ ಕಾಲ್ಮಣೆಗಳು ಅವಳನ್ನು ಗುರುತಿಸಿದವು. ಬೆರಳು ಕಲಿಯುವುದಕ್ಕೆ ಅವಳಿಗೆ ವರ್ಷಗಳು ಹಿಡಿದವು, ಕಾಲಿಗೆ ಕಲಿಸಬೇಕಾದದ್ದು ಏನೂ ಇರಲಿಲ್ಲ. ದೊಡ್ಡ ಹಬ್ಬಗಳಲ್ಲಿ ಅವಳೂ ಅವಳ ಜೊತೆಗಾತಿಯರೂ ಚರ್ಚಿನ ಗಾಯನ ತಂಡದಲ್ಲಿ ನಿಂತು ಹಾಡುತ್ತಿದ್ದರು. ಹಾಡಿ, ಹೊರಗೆ ಬಂದು, ತಮ್ಮ ದೇವರಿಗೆ ತಾವು ಹೋಗುತ್ತಿದ್ದರು. ಊರಲ್ಲಿ ಯಾರೂ ಅದನ್ನು ದೊಡ್ಡದು ಮಾಡಲಿಲ್ಲ.

ಬಾಯಾರ ಕೂದಲು ಬೆಳ್ಳಗಾಗುತ್ತ ಬಂತು. ಕೂದಲು ನನಗೆ ಹೇಗೂ ಕಾಣದು. ನನಗೆ ತಿಳಿದದ್ದು ಬೇರೆ. ಮೊದಲು ಮೆಲ್ಲಗೆ ತುಳಿಯುತ್ತಿದ್ದವರು ಜೋರಾಗಿ ತುಳಿಯತೊಡಗಿದರು. ದನಿ ಏರಿಸುವ ಹಿಡಿಕೆಗಳನ್ನೆಲ್ಲ ಎಳೆದು ಕೂಡುತ್ತಿದ್ದರು. ಬಾರಿಸುವಾಗ ಎರಡೂ ಮೊಣಕಾಲನ್ನು ನನ್ನ ಎದೆಗೆ ಒತ್ತಿ ಹಿಡಿಯುತ್ತಿದ್ದರು. ಇದು ಪ್ರೀತಿ ಎಂದು ಕೆಲವು ದಿನ ಉಬ್ಬಿದೆ. ಆಮೇಲೆ ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಬಾಯಾರು ಬಂದು ಒಂದೇ ಒಂದು ಸಣ್ಣ ಸ್ವರ ಒತ್ತಿದರು. ಒತ್ತಿ, ಕಿವಿಯನ್ನು ಪಟ್ಟಿಯ ಹತ್ತಿರ ತಂದರು. ಬೆರಳು ತೆಗೆದು ಮತ್ತೆ ಒತ್ತಿದರು. ನಾನು ಸರಿಯಾಗಿಯೇ ನುಡಿಯುತ್ತಿದ್ದೆ. ಅವರ ಪಾದ ನನ್ನ ಮೇಲೆ ತಣ್ಣಗಾಯಿತು.

"ನಿನಗೇನೂ ಆಗಿಲ್ಲ, ಅಲ್ಲ?" ಅಂದರು. "ಆಗಿರೂದು ನನಗ."

ಅವತ್ತಿನಿಂದ ನಮ್ಮಿಬ್ಬರ ಭಯ ಒಂದೇ ಆಯಿತು. ಬಾಯಾರು ಯಾರಿಗೂ ಹೇಳಲಿಲ್ಲ. ಮಾತಾಡುವವರ ತುಟಿ ನೋಡಿ ಉತ್ತರ ಕೊಡುವುದನ್ನು ಕಲಿತರು. ಭಾನುವಾರ ಚರ್ಚಿನ ಪಾದ್ರಿಗಳಾದ ಸಭಾಪಾಲಕರ ಕೈಸನ್ನೆ ನೋಡಿ ಹಾಡು ಎತ್ತಿದರು. ಜನ ಹಾಡುತ್ತಿದ್ದಾರೋ ನಿಲ್ಲಿಸಿದರೋ ಎಂಬುದು ಅವರಿಗೆ ಮೊಣಕಾಲಿನಿಂದ ತಿಳಿಯಬೇಕಿತ್ತು. ನಾನೂ ನುಡಿದು, ಜನರೂ ಹಾಡಿದಾಗ ನನ್ನ ಮರ ಒಂದು ಬಗೆಯಾಗಿ ನಡುಗುತ್ತದೆ. ಆ ನಡುಕವೇ ಅವರ ಕಿವಿ. ಬೇರೆಯವರ ಕಿವಿಯಾಗಿ ಬದುಕುವುದು ನನ್ನಂಥ ಪುಕ್ಕಲಿಗೆ ಆಗುವ ಕೆಲಸವೇ? ಎಲ್ಲಿ ತಪ್ಪು ಹೇಳಿಬಿಡುತ್ತೇನೋ ಎಂದು ಒಂದು ಭಾನುವಾರವೂ ನೆಮ್ಮದಿಯಿಂದ ಕಳೆಯಲಿಲ್ಲ.

ಇನ್ನೊಂದು ಫಜೀತಿ. ಮನಸ್ಸು ಭಾರವಾದಾಗ ಬಾಯಾರು ನನ್ನ ಹತ್ತಿರ ಬಂದು ಪಿಸುಮಾತಾಡುತ್ತಿದ್ದರು. ಅವರಿಗೆ ಅದು ಪಿಸುಮಾತು. ತಮ್ಮ ದನಿ ತಮಗೇ ಕೇಳದ ಕಾರಣ ಅದು ಕಿಟಕಿಯಾಚೆಗೂ ಕೇಳುತ್ತಿತ್ತು.

"ಸಂಗೀತ ಕಲಸೋ ಬಾಯಾರು ಕಿವುಡಿ ಅಂದ್ರ ನಗ್ತಾರ. ನಕ್ಕರ ನಕ್ಕೊಳ್ಳಿ. ಕರಿಯೂದ ಬಿಟ್ಟಬಿಟ್ರ ಏನ್ ಮಾಡ್ಲಿ? ಮನ್ಯಾಗ ಗ್ವಾಡಿ ನೋಡ್ಕೋತ ಕುಂದರ್ಲ್ಯಾ?"

ನಾನು ಸುಮ್ಮನಿರ್ರಿ, ಸುಮ್ಮನಿರ್ರಿ ಎಂದು ಒಳಗೇ ಒದ್ದಾಡುತ್ತಿದ್ದೆ.

ಹೊಸ ಸಭಾಪಾಲಕರು ಬಂದರು. ಮಂಗಳೂರ ಕಡೆಯವರು, ಸುಧಾಕರ ಅಯ್ಯನವರು. ಪಾಲಿಶ್ ಮಾಡಿದ ಬೂಟು, ಸದ್ದಿಲ್ಲದ ನಡಿಗೆ. ಕೆಟ್ಟವರಲ್ಲ. ನನ್ನ ಮೇಲೆ ಹೂದಾನಿ ಇಟ್ಟು ನೀರು ಚೆಲ್ಲುವ ಪದ್ಧತಿಯನ್ನು ಬಂದ ವಾರವೇ ನಿಲ್ಲಿಸಿದ ಪುಣ್ಯಾತ್ಮರು. ಆದರೂ ಸದ್ದಿಲ್ಲದೆ ನಡೆಯುವವರನ್ನು ಕಂಡರೆ ನನಗೆ ಹೆದರಿಕೆ.

ಈಸ್ಟರಿಗೆ ಮುಂಚಿನ ಶ್ರಮೆ ಕಾಲದಲ್ಲಿ, ಒಂದು ಶನಿವಾರ, ಅಡ್ಡಮಳೆ ಹೊಡೆಯಿತು. ಪಡಸಾಲೆಯಲ್ಲಿದ್ದ ನನಗೆ ಎರಚಲು ಬಡಿಯಿತು. ರಾತ್ರಿಯೆಲ್ಲ ನನ್ನ ಮರ ಉಬ್ಬಿತು. ಮುದುಕ ಉಜ್ಜಿ ಸರಿ ಮಾಡಿದ್ದ ಆ ಎಡಗಡೆಯ ದಪ್ಪ ಸ್ವರ ಬಿಗಿಯುತ್ತಿದೆ ಎಂದು ನನಗೆ ಗೊತ್ತಾಯಿತು. ಗೊತ್ತಾಗಿ ಮಾಡುವುದೇನು?

ಬೆಳಗ್ಗೆ ಆರಾಧನೆಯಲ್ಲಿ ಹಾಡು ಮುಗಿಯಿತು. ಬಾಯಾರು ಕೈಗಳನ್ನು ಮಡಿಲಿಗೆ ತಂದರು, ಕಣ್ಣನ್ನೂ ಮುಚ್ಚಿರಬೇಕು. ಆ ಪಟ್ಟಿ ಮಾತ್ರ ಕೆಳಗೇ ಉಳಿಯಿತು. ದಪ್ಪ ಸ್ವರ ಗುಂಯ್ ಅನ್ನುತ್ತಲೇ ಇತ್ತು. ನನ್ನ ಮರ ನಡುಗಿತು, ನಡುಕ ಅವರ ಮೊಣಕಾಲಿಗೆ ಮುಟ್ಟಿತು. ಜನ ಇನ್ನೂ ಆಮೆನ್ ಎಳೆಯುತ್ತಿದ್ದಾರೆ ಎಂದು ತಿಳಿದು, ಜನ ನಿಲ್ಲಿಸುವ ತನಕ ಕಾಲು ನಿಲ್ಲಿಸದ ರೂಢಿಯ ಬಾಯಾರು ಭಕ್ತಿಯಿಂದ ತುಳಿಯುತ್ತಲೇ ಹೋದರು. ಅಯ್ಯನವರು ಆಗಲೇ ಪ್ರಾರ್ಥನೆ ಶುರು ಮಾಡಿದ್ದರು. ಅವರ ಮಾತಿನ ಕೆಳಗೆ ನಾನು ಕೋಣದ ಹಾಗೆ ಒದರುತ್ತಿದ್ದೆ. ನಿಲ್ಲಿಸಿರಿ ಎಂದು ಹೇಳಲು ನನಗಿದ್ದದ್ದು ಆ ನಡುಕ ಒಂದೇ, ಆ ನಡುಕವೇ ನಿಲ್ಲಿಸಬೇಡಿ ಎಂದು ಹೇಳುತ್ತಿತ್ತು. ಅಯ್ಯನವರು ಪ್ರಾರ್ಥನೆ ತಡೆದು ಹಿಂದಿನಿಂದ "ಬಾಯಾರೇ" ಎಂದು ಕರೆದರು. ಮತ್ತೊಮ್ಮೆ ಕರೆದರು. ಬಾಯಾರು ತಿರುಗಲಿಲ್ಲ. ಮುಂದಿನ ಸಾಲಿನಲ್ಲಿದ್ದ ಬೆನ್ನೂರ ಎದ್ದು ಬಂದು ಆ ಪಟ್ಟಿಯನ್ನು ಉಗುರಿನಿಂದ ಎತ್ತಿದರು. ಬೆನ್ನೂರ ಎಂದರೆ ಸಭೆಯ ಹಿರಿಯ, ಹಿಂದೆ ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದವರು.

ಆರಾಧನೆ ಮುಗಿದು ಎಲ್ಲರೂ ಹೋದ ಮೇಲೆ ಆ ಪಾಲಿಶ್ ಬೂಟು ಮತ್ತು ಬೆನ್ನೂರರ ಸವೆದ ಚಪ್ಪಲಿ ನನ್ನ ಮುಂದೆಯೇ ನಿಂತವು.

"ಬೆನ್ನೂರರೇ, ಎರಡು ಸಲ ಕರೆದೆ. ಅವರಿಗೆ ಗೊತ್ತೇ ಆಗಲಿಲ್ಲ. ಎಂತ ಇದು?"

"ವಯಸ್ಸಾತ್ರಿ ಅಯ್ಯನೋರ."

"ವಯಸ್ಸು ಎಲ್ಲರಿಗೂ ಆಗ್ತದೆ. ಹೀಗೆ ಮಾಡುವ. ಶುಭ ಶುಕ್ರವಾರ ಆರ್ಗನ್ ಇಲ್ಲ, ಬರೀ ಗಾಯನ. ಅದನ್ನು ಅವರು ಸರಿಯಾಗಿ ನಡೆಸಿದರೆ ನಾನು ಒಂದು ಮಾತೂ ಆಡುವುದಿಲ್ಲ. ಇಲ್ಲದಿದ್ದರೆ ಬೇರೆಯವರನ್ನು ನೋಡಬೇಕಾಗ್ತದೆ. ಹುಬ್ಬಳ್ಳಿಯಲ್ಲಿ ಕೀಬೋರ್ಡ್ ಬಾರಿಸುವ ಹುಡುಗರಿದ್ದಾರೆ."

"ಮತ್ತ ಈ ಆರ್ಗನ್?"

"ಹಿತ್ತಲಲ್ಲಿ ಶೆಡ್ ಉಂಟಲ್ಲ."

ಹಿತ್ತಿಲ ಶೆಡ್ಡು ನನಗೆ ಗೊತ್ತು. ಅಲ್ಲಿ ಮುರಿದ ಬೆಂಚುಗಳಿದ್ದವು, ಅಲ್ಲಿಂದ ಅವು ಒಲೆಗೆ ಹೋಗುತ್ತಿದ್ದವು. ಆದರೆ ನಿಜ ಹೇಳುತ್ತೇನೆ, ಆ ಹೊತ್ತು ನನ್ನನ್ನು ಸುಡುತ್ತಾರೆಂಬ ಭಯಕ್ಕಿಂತ ಬಾಯಾರು ಗೋಡೆ ನೋಡುತ್ತ ಕೂಡುವ ಚಿತ್ರವೇ ನನ್ನನ್ನು ಹೆಚ್ಚು ಹೆದರಿಸಿತು. ಹೋಗಿ ಅವರನ್ನು ಎಚ್ಚರಿಸೋಣವೆಂದರೆ ನನಗೆ ಬಾಯಿಲ್ಲ, ಇದ್ದರೂ ಅವರಿಗೆ ಕಿವಿಯಿಲ್ಲ.

ನಮ್ಮ ಸಭೆಯಲ್ಲಿ ಒಂದು ಪದ್ಧತಿ. ಶುಭ ಶುಕ್ರವಾರ, ಏಸುಸ್ವಾಮಿ ಶಿಲುಬೆಯ ಮೇಲೆ ಪ್ರಾಣಬಿಟ್ಟ ದಿನ, ನಾನು ನುಡಿಯುವ ಹಾಗಿಲ್ಲ. ನನ್ನ ಮೇಲೆ ಕರಿ ಬಟ್ಟೆ ಹೊದಿಸುತ್ತಾರೆ. ಮಧ್ಯಾಹ್ನದ ಆರಾಧನೆಯ ಕೊನೆಗೆ ಶಿಲುಬೆಯ ದೀರ್ಘ ಹಾಡು, ಅದರ ಕೊನೆಯ ಚರಣವನ್ನು ಇಡೀ ಸಭೆ ಮೊಣಕಾಲೂರಿ ತಲೆಬಾಗಿ ಹಾಡುತ್ತದೆ. ಗಾಯನ ತಂಡ ಮಾತ್ರ ನಿಂತೇ ಇರುತ್ತಿತ್ತು. ಬಾಯಾರು ಅವರ ಎದುರು ನಿಂತು, ಅವರ ತುಟಿ ನೋಡುತ್ತ ಕೈಯಾಡಿಸುತ್ತಿದ್ದರು. ಕಿವಿ ಹೋದ ಮೇಲೂ ಆ ತುಟಿಗಳ ದೆಸೆಯಿಂದ ಪ್ರತಿ ವರ್ಷ ಪಾರಾಗಿದ್ದರು.

ಆ ವರ್ಷ ಆರಾಧನೆಗೆ ಮುಂಚೆ ಅಯ್ಯನವರು ಒಂದು ಮಾತು ಅಂದರು.

"ಸ್ವಾಮಿಯ ಮುಂದೆ ಎಲ್ಲರೂ ಒಂದೇ ಅಲ್ವಾ? ಗಾಯನ ತಂಡದವರೂ ಕೊನೆಯ ಚರಣಕ್ಕೆ ಮೊಣಕಾಲೂರಲಿ."

ಅವರು ಅದನ್ನು ಭಕ್ತಿಯಿಂದಲೇ ಅಂದರು. ಅಂದವರಿಗೆ ಏನು ಗೊತ್ತು? ಬಟ್ಟೆಯ ಕೆಳಗೆ ನನ್ನ ತಿದಿ ಬತ್ತಿಹೋಯಿತು. ತಲೆಬಾಗಿದರೆ ತುಟಿ ಕಾಣುವುದಿಲ್ಲ. ಮುಟ್ಟಲು ನಾನಿಲ್ಲ.

ಕರಿ ಬಟ್ಟೆ ನೆಲದವರೆಗೆ ಇಳಿದಿರಲಿಲ್ಲ, ಕೆಳಗೆ ಗೇಣುದ್ದ ಜಾಗವಿತ್ತು. ಅಲ್ಲಿಂದ ನನಗೆ ಕಂಡದ್ದು ಬಾಯಾರ ಪಾದಗಳು, ನೆಲದ ಮೇಲೆ ಪಶ್ಚಿಮದ ಕಿಟಕಿಯ ಬಿಸಿಲು, ಆ ಬಿಸಿಲಿನಲ್ಲಿ ಅವರ ಕೈಯ ನೆರಳು. ನೆರಳು ಏರುತ್ತಿತ್ತು, ಇಳಿಯುತ್ತಿತ್ತು. ಒಂದೊಂದೇ ಚರಣ ಸರಿಯಾಗಿ ಸಾಗಿತು. ಆಮೇಲೆ ಬಟ್ಟೆಗಳ ಸರಬರ ಸದ್ದು. ಎಲ್ಲರೂ ಮೊಣಕಾಲೂರಿದರು. ಅಷ್ಟು ವರ್ಷ ಬರೀ ಪಾದ ನೋಡಿದ್ದ ನನಗೆ ಅವತ್ತು ಗಾಯನ ತಂಡದ ಮುಖಗಳು ಕಂಡವು. ಎಲ್ಲರ ತಲೆ ಬಾಗಿತ್ತು.

ಕೊನೆಯ ಚರಣ ದುಃಖದ ಚರಣ. ಜನ ಅದನ್ನು ಬೇಗ ಹಾಡಿಬಿಡುತ್ತಾರೆ, ದುಃಖವನ್ನು ಬೇಗ ಮುಗಿಸಿದವರ ಹಾಗೆ. ಬಾಯಾರ ನೆರಳು ಮಾತ್ರ ತನ್ನ ನಿಧಾನದಲ್ಲೇ ನಡೆಯಿತು. ಸಾಲಿಗೊಂದಿಷ್ಟು ಹಿಂದೆ ಬಿತ್ತು, ಮತ್ತೊಂದಿಷ್ಟು ಹಿಂದೆ ಬಿತ್ತು. ಹಾಡು ಮುಗಿಯಿತು. ಚರ್ಚಿನಲ್ಲಿ ನಿಶ್ಶಬ್ದ. ನೆಲದ ಮೇಲೆ ಆ ನೆರಳು ಏರುತ್ತಲೇ, ಇಳಿಯುತ್ತಲೇ ಇತ್ತು.

ನಾನು ಹೆದರಿಕೊಂಡು ಬದುಕಿದವನು. ಇಲಿಗೆ ಹೆದರಿದ್ದೇನೆ, ಹೊಸ್ತಿಲಿಗೆ ಹೆದರಿದ್ದೇನೆ, ಕತ್ತಲೆಗೆ ಹೆದರಿದ್ದೇನೆ. ಆ ನೆರಳನ್ನು ನೋಡಿದಾಗ ಆದ ಹೆದರಿಕೆಯ ಮುಂದೆ ಅವೆಲ್ಲ ಏನೂ ಅಲ್ಲ. ಯಾರೂ ಹಾಡದ ಹಾಡಿಗೆ ಒಬ್ಬ ಹೆಂಗಸು ತಾಳ ಹಾಕುತ್ತಿದ್ದಳು, ಅದು ಅವಳಿಗೆ ಗೊತ್ತಿರಲಿಲ್ಲ. ಅಯ್ಯನವರ ಬೂಟು ಮೆಲ್ಲಗೆ ಒಂದು ಹೆಜ್ಜೆ ಮುಂದೆ ಬಂತು.

ಆಗ ಮೊಣಕಾಲೂರಿದ್ದವರ ನಡುವೆ ಒಂದು ತಲೆ ಮೇಲೆದ್ದಿತು. ಹುಲಿಗೆವ್ವ. ಬಾಯಾರ ಕೈಯನ್ನು ನೋಡಿದಳು. ನೋಡಿದವಳು ಮುಖ ಎತ್ತಿ, ಬಾಯಿ ಅಗಲಿಸಿ, ಹಾಡಿನ ಮೊದಲನೇ ಚರಣವನ್ನು ಮತ್ತೆ ಎತ್ತಿಕೊಂಡಳು. ಒಂಟಿ ದನಿ, ತುಸು ಒರಟು. ಎರಡನೇ ಸಾಲಿಗೆ ಮಗ್ಗದ ಹೆಂಗಸರೆಲ್ಲ ಮುಖ ಎತ್ತಿ ಸೇರಿದರು. ಮೂರನೇ ಸಾಲಿಗೆ, ಹೀಗೂ ಒಂದು ಪದ್ಧತಿ ಇರಬೇಕು ಎಂದುಕೊಂಡು ಸಭೆಯೇ ಸೇರಿತು. ಬಾಯಾರ ಪಾದ ಒಮ್ಮೆ ತಡವರಿಸಿತು. ಹುಲಿಗೆವ್ವನ ತುಟಿಯ ಮೇಲೆ ಯಾವ ಚರಣ ಇದೆ ಎಂದು ಅವರು ಓದಿಕೊಂಡಿರಬೇಕು. ನೆರಳು ನಿಲ್ಲಲಿಲ್ಲ. ಹಾಡಿನ ಜೊತೆಗೇ ಕೊನೆಯವರೆಗೆ ನಡೆದು, ಹಾಡಿನ ಜೊತೆಗೇ ಇಳಿಯಿತು.

ಜನ ಕರಗಿದ ಮೇಲೆ ನನ್ನ ಮುಂದೆ ನಾಲ್ಕು ಜೋಡಿ ಪಾದಗಳು ಉಳಿದವು.

"ಹುಲಿಗೆವ್ವ, ಹಾಡು ಮುಗಿದ ಮೇಲೆ ಮತ್ತೆ ಯಾಕೆ ಎತ್ತಿಕೊಂಡಿರಿ?" ಅಯ್ಯನವರು ಕೇಳಿದರು.

"ಬಾಯಾರ ಕೈ ಇನ್ನೂ ನಡದಿತ್ತಲ್ರಿ."

"ಅವರಿಗೆ ಕೇಳಿಸುವುದಿಲ್ಲ ಅಂತ ನಿಮಗೆ ಗೊತ್ತುಂಟಾ?"

"ಮಗ್ಗದ ಶೆಡ್ಡಿನಾಗ ಅರ್ಧ ಮಂದಿಗೆ ಕೇಳಸೂದಿಲ್ರಿ ಅಯ್ಯನೋರ. ಕೇಳದವ್ರು ಮಾತಾಡೋರ ಕಣ್ಣು ನೋಡೂದಿಲ್ಲ, ತುಟಿ ನೋಡ್ತಾರ. ಬಾಯಾರು ನಮ್ಮ ತುಟಿ ನೋಡಾಕ ಹತ್ತಿ ಭಾಳ ವರ್ಷ ಆತು. ನಾವೂ ಅಗಲ ಬಾಯಿ ತಗದ ಹಾಡ್ತೀವಿ. ಅದರಾಗೇನೈತ್ರಿ."

ಬೆನ್ನೂರ ಕೆಮ್ಮಿದರು. "ನನಗೂ ಸಂಶೇ ಇತ್ತು" ಅಂದರು, ಯಾರೂ ಕೇಳದಿದ್ದರೂ.

ಬಾಯಾರ ಪಾದ ಹುಲಿಗೆವ್ವನ ಹತ್ತಿರ ಸರಿಯಿತು. "ನಿಮಗೆಲ್ಲಾ ಗೊತ್ತಿತ್ತಾ?" ಅಂದರು, ಬೇಕಾದುದಕ್ಕಿಂತ ಜೋರಾಗಿ. ಹುಲಿಗೆವ್ವ ಅವರ ಕಡೆ ತಿರುಗಿ, ಯಂತ್ರಗಳ ನಡುವೆ ಮಾತಾಡುವಂತೆ, ದನಿಯಿಲ್ಲದೆ ಏನೋ ಅಂದಳು. ಅಯ್ಯನವರಿಗೂ ಅದು ಕೇಳಿಸಲಿಲ್ಲ, ನನಗೂ ಕೇಳಿಸಲಿಲ್ಲ. ಬಾಯಾರಿಗೆ ಮಾತ್ರ ತಿಳಿಯಿತು.

ಆಮೇಲೆ ಬಾಯಾರೇ ಅಂದರು. "ಅಯ್ಯನೋರ, ಈಸ್ಟರ್ ದಿನ ಒಂದ ಸಲ ಬಾರಸ್ತೀನಿ. ಆಮ್ಯಾಲ ಬ್ಯಾರೆದವ್ರನ್ನ ನೋಡ್ರಿ. ಅಂಜಿ ಹೇಳಿರಲಿಲ್ಲ."

ಅಯ್ಯನವರು ಬಾಯಾರ ಬೆನ್ನ ಹಿಂದೆ ಒಂದೆರಡು ಹೆಜ್ಜೆ ಅಡ್ಡಾಡಿದರು. "ನಾನು ಹಿಂದಿನಿಂದ ಕರೆಯಬಾರದಿತ್ತು" ಅಂದರು. ಅಂದವರು, ಅದು ಅವರಿಗೆ ಕೇಳಿಸದು ಎಂದು ನೆನಪಾಗಿ, ಎದುರಿಗೆ ಬಂದು ಮತ್ತೆ ಅಂದರು.

ಈಸ್ಟರ್ ಬೆಳಗ್ಗೆ ಬಾಯಾರು ಬಾರಿಸಿದರು. ಹುಲಿಗೆವ್ವ ಹಿಂದೆ ನಿಂತು, ಜನ ಹಾಡಿ ನಿಲ್ಲಿಸಿದಾಗಲೆಲ್ಲ ಅವರ ಬೆನ್ನ ಮೇಲೆ ಮೆಲ್ಲಗೆ ತಟ್ಟಿದಳು. ನನ್ನ ದಪ್ಪ ಸ್ವರ ಅವತ್ತು ಮರ್ಯಾದೆಯಿಂದ ನಡೆದುಕೊಂಡಿತು. ಬಾಯಾರು ಅಳುತ್ತಿದ್ದರೆಂದು ಪಟ್ಟಿಗಳ ಮೇಲೆ ಬಿದ್ದ ಹನಿಗಳಿಂದ ತಿಳಿಯಿತು. ಹನಿಗೂ ಹೆದರುವ ನಾನು ಅವತ್ತು ಹೆದರಲಿಲ್ಲ.

ಮುಂದಿನ ವಾರ ಕೀಬೋರ್ಡ್ ಬಂತು. ಅದಕ್ಕೆ ಪಾದ ಬೇಡ, ಉಸಿರೂ ಬೇಡ. ನಮ್ಮ ಭಯದಲ್ಲಿ ಅರ್ಧ ನಿಜವಾಯಿತು ಅನ್ನಿ. ನನ್ನನ್ನು ಶೆಡ್ಡಿಗೆ ಹಾಕುವ ದಿನ ಮಗ್ಗದ ಹೆಂಗಸರು ನೂಲು ಸಾಗಿಸುವ ಕೈಗಾಡಿ ತಂದರು. ಹೊಸ್ತಿಲು ಬಂದಾಗ ಎಂದಿನಂತೆ ಜೀವ ಬಾಯಿಗೆ ಬಂತು. ಎಂದಿನಂತೆ ಅವರು ಬೀಳಿಸಲಿಲ್ಲ. ಬೆಟಗೇರಿಯ ಬೀದಿಯಲ್ಲಿ ಹಗಲು ಹೊತ್ತಿನಲ್ಲಿ ನಾನು ಕೈಗಾಡಿಯ ಮೇಲೆ ಕುಳಿತು ಬಾಯಾರ ಮನೆಗೆ ಬಂದೆ.

ಈಗ ನಾನಿರುವುದು ಶಾಲೆಯ ಹಿಂದಿನ ಒಂದೇ ಖೋಲಿಯ ಮನೆಯಲ್ಲಿ. ಒಂದು ಮಂಚ, ಒಂದು ಒಲೆ, ನಾನು. ಬಾಯಾರು ನೋಡುತ್ತ ಕೂಡಬೇಕಾಗಿದ್ದ ಗೋಡೆಗೆ ನನ್ನನ್ನೇ ನಿಲ್ಲಿಸಿದ್ದಾರೆ. ಶನಿವಾರ ಬಂತೆಂದರೆ ಕಾಲಿಡಲು ಜಾಗವಿರುವುದಿಲ್ಲ. ಬಾರಿಸುವವಳು ಹುಲಿಗೆವ್ವ. ಬಾಯಾರು ಚಾಪೆಯ ಮೇಲೆ, ನನ್ನ ಪಕ್ಕೆಗೆ ಅಂಗೈಯೂ ಕೆನ್ನೆಯೂ ಹಚ್ಚಿ, ಅಪ್ಪ ಕುಳಿತಿದ್ದಂತೆಯೇ ಕೂಡುತ್ತಾರೆ. ಈಗ ಅವರಿಗೆ ಒಂದಿಷ್ಟೂ ಕೇಳಿಸುವುದಿಲ್ಲ. ಆದರೂ "ಎರಡನೇ ಸಾಲಿನಾಗ ಓಡಿದಿ, ಮತ್ತ ಬಾರಸು" ಅನ್ನುತ್ತಾರೆ, ಹುಲಿಗೆವ್ವ ನಾಲಿಗೆ ಕಚ್ಚಿಕೊಂಡು ಮತ್ತೆ ಬಾರಿಸುತ್ತಾಳೆ. ಶುಭ ಶುಕ್ರವಾರ ಅವಳು ದನಿಯಿಲ್ಲದೆ ಹೇಳಿದ್ದೇನು ಎಂಬುದನ್ನೂ ಬಾಯಾರು ಒಂದು ದಿನ ನನಗೆ ಪಿಸುಗುಟ್ಟಿದರು, ಪಕ್ಕದ ಮನೆಗೂ ಕೇಳುವಂತೆ.

"ಅಂಜಬ್ಯಾಡ್ರಿ ಅಂದ್ಲು. ಅಷ್ಟ."

ಮೈಗೆ ವಯಸ್ಸಾಗಿದೆ. ಎಡಗಡೆಯ ದಪ್ಪ ಸ್ವರ ಈಗ ಮಳೆ ಬೇಡ, ಬಿಸಿಲಿಗೂ ಸಿಕ್ಕಿಬೀಳುತ್ತದೆ. ಹಾಡು ಮುಗಿದು ಎಲ್ಲರೂ ಸುಮ್ಮನಾದ ಮೇಲೂ ಗುಂಯ್ ಅನ್ನುತ್ತಿರುತ್ತದೆ. ಹೋದ ಶನಿವಾರ ಹುಲಿಗೆವ್ವ ಬಾಯಾರ ಎದುರು ಕುಳಿತು, ತುಟಿ ಬಿಡಿಸಿ ಹೇಳಿದಳು.

"ರಿಪೇರಿಯವನ್ನ ಕರಸ್ತೀನ್ರಿ. ಈ ಒಂದ ಸ್ವರ ನಿಲ್ಲವಲ್ದು."

"ಬ್ಯಾಡ" ಅಂದರು ಬಾಯಾರು.

"ಯಾಕ್ರಿ? ಮಂದಿ ಹಾಡೂದು ನಿಲ್ಲಿಸಿದ್ರೂ ಅದು ಒದರತೈತ್ರಿ."

"ಅದಕ್ಕ ಬ್ಯಾಡ. ಅದು ನಡುಗಿದ್ರ, ಮಂದಿ ಇನ್ನೂ ಹಾಡಾಕತ್ತಾರ ಅನಸ್ತೈತಿ."

ಹುಲಿಗೆವ್ವ ಎದ್ದು ಸ್ಟೂಲಿನ ಮೇಲೆ ಕುಳಿತಳು. ಆ ಪಟ್ಟಿ ಒತ್ತಿ ಕೈ ತೆಗೆದಳು, ಕಾಲನ್ನು ಮಾತ್ರ ನಿಲ್ಲಿಸಲಿಲ್ಲ. ಪಾಠಕ್ಕೆ ಬಂದವರೆಲ್ಲ ಒಬ್ಬೊಬ್ಬರೇ ಮನೆಗೆ ಹೋದರು. ಬಾಯಾರು ಕಣ್ಣು ಮುಚ್ಚಿ ನನಗೆ ಒರಗಿಯೇ ಇದ್ದರು.

ನಾನು ಇವತ್ತಿಗೂ ಪುಕ್ಕಲೇ. ಆದರೆ ಇಲಿ, ಶೆಡ್ಡು, ಒಲೆ ಇವುಗಳ ಭಯವೆಲ್ಲ ಹೋಗಿದೆ. ಈಗ ಉಳಿದಿರುವ ಭಯ ಒಂದೇ. ಅವರ ಕೆನ್ನೆ ನನ್ನ ಪಕ್ಕೆಯ ಮೇಲಿರುವಾಗ ಆ ಪಟ್ಟಿ ಎಲ್ಲಿ ತಾನಾಗಿ ಮೇಲೆದ್ದುಬಿಡುತ್ತದೋ ಎಂದು.